ಮಾವನ ಪ್ರೋಗ್ರಾಮು ಹೊಸ ಪ್ರೊಸೆಸರಿಗೆ ಹೋದ ಪ್ರಸಂಗ

ಲೋಕದಲ್ಲಿ ಸಾಮ್ರಾಜ್ಯಗಳು ಉರುಳಿವೆ, ನದಿಗಳು ದಿಕ್ಕು ಬದಲಿಸಿವೆ, ಖಂಡಗಳೇ ಸರಿದು ಒಂದಕ್ಕೊಂದು ಹಾಯ್ದುಕೊಂಡಿವೆ. ಇವನ್ನೆಲ್ಲ ಬಲ್ಲವರು ಬರೆದಿಟ್ಟಿದ್ದಾರೆ. ಆದರೆ ನಗರ ಬಸ್ ಸಂಸ್ಥೆಯ ಮೂರನೆಯ ಮಹಡಿಯಲ್ಲಿ, ಸಭಾಕೊಠಡಿಯ ಗೋಡೆಯ ಮೇಲೆ, ಬೆಂಕಿಪೊಟ್ಟಣದಷ್ಟು ದೊಡ್ಡ ಹಳದಿ ಚೌಕವೊಂದು ಹಸಿರಾಗಬೇಕಾಗಿ ಬಂದ ಸಂಗತಿಯನ್ನು ಮಾತ್ರ ಯಾವ ಇತಿಹಾಸಕಾರನೂ ಮುಟ್ಟಿಲ್ಲ. ಅವರಿಗೆ ಧೈರ್ಯ ಸಾಲದೇ ಹೋಗಿರಬಹುದು.

ಸಂಸ್ಥೆಗೆ ಒಟ್ಟು ನಲವತ್ತೊಂದು ಪ್ರೋಗ್ರಾಮುಗಳಿದ್ದವು. ಟಿಕೆಟ್ಟಿಗೊಂದು, ಪಾಸಿಗೊಂದು, ಸವೆದ ಟೈರುಗಳಿಗೊಂದು, ಬಸ್ಸಿನಲ್ಲಿ ಬಿಟ್ಟುಹೋದ ಕೊಡೆಗಳಿಗೆಂದೇ ಒಂದು. ಇವೆಲ್ಲ ಓಡುತ್ತಿದ್ದದ್ದು ಕ್ಲೌಡಿನಲ್ಲಿ. ಕ್ಲೌಡ್ ಎಂದರೆ ಆಕಾಶದ ಮೋಡವೇನಲ್ಲ. ಎಲ್ಲೋ ದೂರದ ಕಟ್ಟಡದಲ್ಲಿ ಸಾಲಾಗಿ ನಿಂತ, ಬೇರೆಯವರ ಕಂಪ್ಯೂಟರುಗಳು. ಅವುಗಳ ಒಡೆಯರು ಒಂದು ಪತ್ರ ಬರೆದರು. ಹಳೆಯ ತಳಿಯ ಪ್ರೊಸೆಸರುಗಳು, ಎಂದರೆ ಕಂಪ್ಯೂಟರಿನ ಮಿದುಳುಗಳು, ವಿಪರೀತ ವಿದ್ಯುತ್ ನುಂಗುತ್ತವೆ. ಹೊಸ ತಳಿಯವು ಅದೇ ಕೆಲಸವನ್ನು ಅರ್ಧ ವಿದ್ಯುತ್ತಿನಲ್ಲಿ ಮುಗಿಸುತ್ತವೆ. ಆದಕಾರಣ ನಿಮ್ಮ ಪ್ರೋಗ್ರಾಮುಗಳನ್ನೆಲ್ಲ ಹೊಸದಕ್ಕೆ ಸಾಗಿಸಿಕೊಳ್ಳಿ; ಹಳೆಯ ಯಂತ್ರಗಳನ್ನು ಇಂಥ ಶುಕ್ರವಾರ ಸಂಜೆ ಆರಕ್ಕೆ ಬಂದ್ ಮಾಡುತ್ತೇವೆ. ಪತ್ರ ಬಂದು ಎಂಟು ತಿಂಗಳಾಗಿತ್ತು. ಆ ಶುಕ್ರವಾರಕ್ಕೆ ಈಗ ನಾಲ್ಕು ದಿನ ಉಳಿದಿತ್ತು.

ಸೋಮವಾರದ ಸಭೆಯಲ್ಲಿ ನಿರ್ದೇಶಕಿ ಗೋಡೆಯ ಪಟವನ್ನು ಕೋಲಿನಿಂದ ಮುಟ್ಟಿದರು. ಸಾಗಿಸಿ ಮುಗಿದ ನಲವತ್ತು ಚೌಕ ಹಸಿರು, ಒಂದು ಹಳದಿ. ಹಳದಿಯದು ಡ್ಯೂಟಿ ಪಟ್ಟಿಯ ಪ್ರೋಗ್ರಾಮು. ಆರುನೂರು ಚಾಲಕರಲ್ಲಿ ಯಾರು, ಯಾವ ಬಸ್ಸನ್ನು, ಯಾವ ಮಾರ್ಗದಲ್ಲಿ, ಎಷ್ಟು ಹೊತ್ತಿಗೆ ಓಡಿಸಬೇಕೆಂದು ದಿನಾ ಹೇಳುವುದು ಅದೇ. ಅದು ಬಾಯಿ ಮುಚ್ಚಿದರೆ ಊರಿಗೆ ಊರೇ ನಡೆಯಬೇಕು.

"ಇದೊಂದು ಯಾಕೆ ಇನ್ನೂ ಹಳದಿ?"

ಆ ಪ್ರೋಗ್ರಾಮಿನ ಹೊಣೆ ಯೋಜನಾ ವಿಭಾಗದ ಉಪ ವ್ಯವಸ್ಥಾಪಕರದು. ಯಾರು ಏನು ಕೇಳಿದರೂ ಇವರು "ಆಗಿಹೋಯ್ತು ಅಂದ್ಕೊಳ್ಳಿ" ಎನ್ನುತ್ತಿದ್ದರಾಗಿ ಕಚೇರಿ ಇವರಿಗೆ ಆಯ್ತಪ್ಪ ಎಂದು ಹೆಸರಿಟ್ಟಿತ್ತು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

"ಆಗಿಹೋಯ್ತು ಅಂದ್ಕೊಳ್ಳಿ ಮೇಡಂ," ಎಂದರು ಆಯ್ತಪ್ಪನವರು.

"ಅಂದ್ಕೊಳ್ಳೋದಾ, ಆಗಿದೆಯಾ?"

"ಫೈಲ್ ತಾನೇ ಮೇಡಂ. ಇಲ್ಲಿಂದ ಎತ್ತಿ ಅಲ್ಲಿ ಇಡೋದು."

"ಹಾಗಾದ್ರೆ ಸಿದ್ಧವಾಗಿದೆ ಅಂತ ಇಲ್ಲೊಂದು ಸಹಿ ಹಾಕಿ. ಶನಿವಾರ ಬೆಳಿಗ್ಗೆ ಪಟ್ಟಿ ಬರದೆ ಇದ್ರೆ ನಾನು ಈ ಕಾಗದ ಹಿಡ್ಕೊಂಡು ನಿಮ್ಮನ್ನ ಹುಡುಕಬೇಕಾಗುತ್ತೆ. ಆಮೇಲೆ ನೀವೇ ಕೆಲಸ ಹುಡುಕಬೇಕಾಗುತ್ತೆ."

ಸಹಿ ಹಾಕುವುದರಲ್ಲಿ ಆಯ್ತಪ್ಪನವರದು ಎತ್ತಿದ ಕೈ. ಹಾಕಿದರು.

ಮಂಗಳವಾರ ಇಂಜಿನಿಯರ್ ಹುಡುಗಿ ಅವರ ಮೇಜಿನ ಮುಂದೆ ನಿಂತಳು. ಸಂಸ್ಥೆ ಸೇರಿ ಎರಡು ವರ್ಷವಾಗಿತ್ತು. ಇನ್ನೂ ನಿಜ ಹೇಳುವ ಚಾಳಿ ಬಿಟ್ಟಿರಲಿಲ್ಲ.

"ಸಾರ್, ಎತ್ತಿಟ್ಟೆ. ಮೇಲೇಳ್ತಾ ಇಲ್ಲ."

"ಇನ್ನೊಂದು ಸಲ ಎತ್ತಿಡಿ."

"ಎಷ್ಟು ಸಲ ಇಟ್ರೂ ಅಷ್ಟೇ. ನಮ್ಮ ಹತ್ರ ಇರೋದು ಹಳೇ ಪ್ರೊಸೆಸರಿಗೆ ಅಂತ ತಯಾರಾದ ರೂಪ. ಹೊಸದಕ್ಕೆ ಅದರಲ್ಲಿ ಒಂದಕ್ಷರವೂ ಅರ್ಥ ಆಗಲ್ಲ. ಮನುಷ್ಯರು ಬರೆದ ಮೂಲ ಪ್ರತಿ ಬೇಕು. ಅದು ಸಿಕ್ಕಿದ್ರೆ ಹೊಸದಕ್ಕೆ ತಕ್ಕ ಹಾಗೆ ಮತ್ತೆ ತಯಾರು ಮಾಡ್ತೀನಿ."

"ಇದರಿಂದಲೇ ಮೂಲ ಪ್ರತಿ ತೆಗೀರಿ."

"ಹೊಲಿದ ಅಂಗಿ ಬಿಚ್ಚಿದ್ರೆ ಥಾನು ಬಟ್ಟೆ ಬರುತ್ತಾ ಸಾರ್?"

ಆಯ್ತಪ್ಪನವರು ತಮ್ಮ ಅಂಗಿಯನ್ನೊಮ್ಮೆ ನೋಡಿಕೊಂಡರು. ಬರುವಂತೆ ಕಾಣಲಿಲ್ಲ.

"ಉಳಿದ ನಲವತ್ತಕ್ಕೂ ಮೂಲ ಪ್ರತಿ ಇತ್ತು," ಎಂದಳು ಹುಡುಗಿ. "ಇದಕ್ಕೂ ಇತ್ತು. ಆರು ವರ್ಷದ ಹಿಂದೆ ಯಾರೋ ಅಳಿಸಿದ್ದಾರೆ."

"ಯಾರು ಆ ಬೇಜವಾಬ್ದಾರಿ ಮನುಷ್ಯ? ಹೆಸರು ಬರ್ಕೊಳ್ಳಿ! ಇಂಥವರಿಂದಲೇ ಸಂಸ್ಥೆಗಳು ಮುಳುಗೋದು!"

ಹುಡುಗಿ ಕಂಪ್ಯೂಟರಿನ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅಳಿಸಿದವರ ಹೆಸರು ಅಲ್ಲಿ ಆಗಲೇ ಬರೆದಿತ್ತು. ಸಂಬಳದ ಚೀಟಿಯಲ್ಲಿ ಇರುವಂತೆಯೇ, ಪೂರ್ತಿಯಾಗಿ.

ಅದು ಸ್ವಚ್ಛತಾ ಸಪ್ತಾಹದ ವರ್ಷ. ಆರು ತಿಂಗಳಿಂದ ಯಾರೂ ತೆರೆಯದ ಕಡತಗಳನ್ನು ಅಳಿಸಬೇಕೆಂದು ಆದೇಶ ಬಂದಾಗ ಆಯ್ತಪ್ಪನವರು ಎರಡು ದಿನ ಊಟ ಬಿಟ್ಟು ಅಳಿಸಿದ್ದರು. ಅತ್ಯಂತ ಸ್ವಚ್ಛ ವಿಭಾಗ ಎಂಬ ಪ್ರಶಸ್ತಿಪತ್ರ ಅವರ ತಲೆಯ ಮೇಲೇ ತೂಗುತ್ತಿತ್ತು. ಹುಡುಗಿ ಅದನ್ನು ನೋಡಿದಳು. ಆಯ್ತಪ್ಪನವರು ಕಿಟಕಿಯನ್ನು ನೋಡಿದರು.

"ಬೇರೆ ದಾರಿ ಇಲ್ವಾ?"

"ಒಂದಿದೆ. ಹಳೇದಕ್ಕೂ ಹೊಸದಕ್ಕೂ ಮಧ್ಯೆ ಒಬ್ಬ ದುಭಾಷಿ ಕೂರಿಸಿದ ಹಾಗೆ. ಇದು ಹೇಳೋ ಒಂದೊಂದು ಮಾತನ್ನೂ ಅದಕ್ಕೆ ಅನುವಾದ ಮಾಡ್ತಾ ಹೋಗೋ ಪ್ರೋಗ್ರಾಮ್. ನಿಧಾನ ಆಗಬಹುದು."

"ನಿಧಾನವೇ ಪ್ರಧಾನ. ಕೂರಿಸಿ!"

ಬೆಳಿಗ್ಗೆ ಹತ್ತಕ್ಕೆ ದುಭಾಷಿ ಕೆಲಸ ಆರಂಭಿಸಿತು. ಅರ್ಧ ಗಂಟೆಯ ಕೆಲಸ. ಹನ್ನೆರಡಾಯಿತು, ಎರಡಾಯಿತು, ಊಟಕ್ಕೆ ಹೋದವರು ಬಂದರು. ಸಂಜೆ ಐದಕ್ಕೆ ಪಟ್ಟಿ ಹೊರಬಂತು. ಅದರ ಮೊದಲ ಸಾಲಿನಲ್ಲಿ, ಬೆಳಿಗ್ಗೆ ಐದರ ಬಸ್ಸನ್ನು ಯಾರು ಓಡಿಸಬೇಕೆಂದು ಸ್ಪಷ್ಟವಾಗಿ ತಿಳಿಸಲಾಗಿತ್ತು. ಆ ಚಾಲಕರು ಅಷ್ಟು ಹೊತ್ತಿಗೆ ಬಸ್ ಓಡಿಸಿ, ಮನೆಗೆ ಹೋಗಿ, ಸ್ನಾನ ಮಾಡಿ ಮಲಗಿದ್ದರು. ವಿದ್ಯುತ್ ಹಳೆಯದರ ಮೂರರಷ್ಟು ಖರ್ಚಾಗಿತ್ತು.

"ಸಾರ್," ಎಂದಳು ಹುಡುಗಿ, "ಇದನ್ನ ಬರೆದವರು ಯಾರು? ಅವರ ಹತ್ರ ಏನಾದ್ರೂ ಒಂದು ಪ್ರತಿ ಇರಬಹುದು."

ಬರೆದವರು ಯಾರೆಂದು ಆಯ್ತಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರಾಗಿದ್ದು ಒಂಬತ್ತು ವರ್ಷದ ಹಿಂದೆ ನಿವೃತ್ತರಾದವರು. ಆಯ್ತಪ್ಪನವರ ಹೆಂಡತಿಯ ತಂದೆ.

ಮದುವೆಯಾದ ಹನ್ನೆರಡು ವರ್ಷಗಳಲ್ಲಿ ಮಾವನವರು ಅಳಿಯನೊಡನೆ ನೇರವಾಗಿ ಆಡಿದ್ದು ಎರಡೇ ಮಾತು. ಒಂದು, "ಗೇಟು ಹಾಕಿದಿರಾ?" ಇನ್ನೊಂದು, "ಸರಿಯಾಗಿ ಹಾಕಿದಿರಾ?"

ಮನೆಯಲ್ಲಿ ಹೆಂಡತಿ ಸಮಾಚಾರವನ್ನು ಪೂರ್ತಿ ಕೇಳಿ, ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸುತ್ತಲೇ ಹೇಳಿದಳು: "ಅಪ್ಪನ ಹತ್ರ ಇದೆ. ಕಾಗದದ ಮೇಲೆ ಅಚ್ಚು ಹಾಕಿಸಿ ತಂದಿಟ್ಟಿದ್ದಾರೆ. ಕಬ್ಬಿಣದ ಬೀರುವಿನಲ್ಲಿ, ಬೀಗದೊಳಗೆ. ನನ್ನ ಫೋಟೋ ಆಲ್ಬಂ ಹೊರಗಡೆ ಧೂಳು ತಿಂತಾ ಇದೆ."

"ನೀನೇ ಕೇಳಿಬಿಡೆ."

"ಅಳಿಸಿದ್ದು ನಾನಾ?"

ಹಾಗಾಗಿ ಬುಧವಾರ ಬೆಳಿಗ್ಗೆ ಆಯ್ತಪ್ಪನವರು ಮಾವನ ಮನೆಯ ಗೇಟನ್ನು ಎರಡು ಸಲ ಹಾಕಿ ಒಳಗೆ ಹೋದರು.

"ಮಾವ, ಆಫೀಸಲ್ಲಿ ನಿಮ್ಮ ಪ್ರೋಗ್ರಾಮು..."

"ನಿಂತುಹೋಯ್ತಾ?"

"ಇಲ್ಲ, ಇಲ್ಲ."

"ನಿಲ್ಲಲ್ಲ. ಹದಿನಾಲ್ಕು ವರ್ಷ ಆಯ್ತು. ನನ್ನ ಮೊಣಕಾಲು ನಿಂತಿದೆ, ಗಡಿಯಾರ ನಿಂತಿದೆ. ಅದು ನಿಂತಿಲ್ಲ. ಮತ್ತೇನು?"

"ಅದನ್ನ ಬೇರೆ ತರದ ಪ್ರೊಸೆಸರಿಗೆ ಸಾಗಿಸ್ತಾ ಇದ್ದೀವಿ."

"ಈಗಿರೋದಕ್ಕೆ ಏನು ಬಂದಿದೆ ರೋಗ?"

"ಕರೆಂಟು ಜಾಸ್ತಿ ತಿನ್ನುತ್ತಂತೆ."

"ತಿನ್ನಲಿ. ದುಡಿಯೋರು ತಿಂತಾರೆ. ತಿನ್ನೋದೊಂದೇ ಮಾಡೋರನ್ನ ಮೊದಲು ಸಾಗಿಸಿ." ಹೀಗೆ ಹೇಳುವಾಗ ಮಾವನವರು ಅಳಿಯನ ಹೊಟ್ಟೆಯ ಕಡೆ ನೋಡಿದರೆಂದು ಅಡುಗೆಮನೆಯಿಂದ ಇಣುಕಿದ ಅತ್ತೆಯ ಸಾಕ್ಷ್ಯವಿದೆ. "ಅದಿರಲಿ, ಮೂಲ ಪ್ರತಿ ಆಫೀಸಲ್ಲೇ ಬಿಟ್ಟುಬಂದಿದ್ನಲ್ಲ. ಅದೇ ತಗೊಳ್ಳಿ. ಇಲ್ಲಿಗ್ಯಾಕೆ ಬಂದ್ರಿ?"

ನಿಜ ಹೇಳಲು ಆಯ್ತಪ್ಪನವರು ಬಾಯಿ ತೆರೆದರು. ತೆರೆದ ಬಾಯಿಯಿಂದ ಬೇರೆಯೇ ಹೊರಟಿತು.

"ಅದು ಇದೆ ಮಾವ. ಆದ್ರೆ ನಿಮ್ಮ ಕೈಯಿಂದಲೇ ಸ್ವೀಕರಿಸಬೇಕು ಅಂತ ನಿರ್ದೇಶಕರ ಆಸೆ. ನಿಮಗೆ ಸನ್ಮಾನ. ಸಭೆ, ಭಾಷಣ, ಎಲ್ಲ."

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. ಅತ್ತೆ ಒದ್ದೆ ಕೈಯಲ್ಲೇ ಬಾಗಿಲಿಗೆ ಬಂದರು. "ಸನ್ಮಾನಾನಾ? ಇವರಿಗಾ? ಯಾವಾಗ?"

"ನಾಳೆ," ಎಂದರು ಆಯ್ತಪ್ಪನವರು. ಶುಕ್ರವಾರಕ್ಕೆ ಮುಂಚೆ ಉಳಿದಿದ್ದ ದಿನ ಅದೊಂದೇ.

ಅಲ್ಲಿಂದ ಮುಂದೆ ಆ ಸುಳ್ಳು ಆಯ್ತಪ್ಪನವರ ಸಹಾಯವಿಲ್ಲದೆ ತಾನೇ ನಡೆಯಿತು. ಅತ್ತೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ನೆಂಟರಿಗೆ ಫೋನು ಮಾಡಿದರು. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಕಾಂಪೌಂಡಿನ ಮೇಲಿಂದ ಇಣುಕಿ, "ಅಧ್ಯಕ್ಷತೆ ಯಾರದ್ದು?" ಎಂದರು. ಇನ್ನೂ ಗೊತ್ತಾಗಿಲ್ಲ ಎಂದಾಗ, "ನಾನು ನಾಳೆ ಬಿಡುವಾಗಿದ್ದೀನಿ ಅಂತ ಸುಮ್ಮನೆ ಹೇಳಿರ್ತೀನಿ," ಎಂದು ಭಾಷಣ ಬರೆಯಲು ಒಳಗೆ ಹೋದರು. ಮಾವನವರು ಸೌಜನ್ಯವಂತರು, ಸ್ವತಃ ನಿರ್ದೇಶಕಿಗೆ ಫೋನು ಮಾಡಿ ಧನ್ಯವಾದ ಹೇಳಿದರು.

ಆ ಸಂಸ್ಥೆಯಲ್ಲಿ ಒಂದು ಹಳೆಯ ಪದ್ಧತಿಯಿತ್ತು. ತನ್ನ ಹೆಸರಿನಲ್ಲಿ ಹೊರಟ ಆದೇಶ ತನಗೆ ಗೊತ್ತಿಲ್ಲವೆಂದು ಯಾವ ಅಧಿಕಾರಿಯೂ ಒಪ್ಪಿಕೊಳ್ಳುತ್ತಿರಲಿಲ್ಲ. ನಿರ್ದೇಶಕಿ, "ಹೌದು ಹೌದು, ನಾನೇ ಹೇಳಿದ್ದು. ನಿಮ್ಮಂಥವರಿಗೆ ಎಷ್ಟು ಮಾಡಿದ್ರೂ ಕಡಿಮೆಯೇ," ಎಂದರು. ಫೋನು ಇಟ್ಟು, ತಾವು ಯಾವಾಗ ಹೇಳಿದ್ದೆಂದು ಆಪ್ತ ಕಾರ್ಯದರ್ಶಿಯನ್ನು ಕೇಳಿದರು. ಅವರು, "ಹೋದ ವಾರ ಮೇಡಂ," ಎಂದರು. ಅವರಿಗೂ ಪದ್ಧತಿ ಗೊತ್ತಿತ್ತು. ಮಧ್ಯಾಹ್ನದೊಳಗೆ ಸುತ್ತೋಲೆ ಹೊರಟಿತು: ಗುರುವಾರ ಮೂರು ಗಂಟೆಗೆ ಕ್ಯಾಂಟೀನಿನಲ್ಲಿ ಸನ್ಮಾನ, ಎಲ್ಲರೂ ಬರತಕ್ಕದ್ದು.

ಸುತ್ತೋಲೆ ಚಾಲಕರ ಸಂಘದ ಮುಖಂಡರ ಕೈಗೂ ಸಿಕ್ಕಿತು. ಇವರ ಚಾಲಕ ಸಂಖ್ಯೆ ಮುನ್ನೂರೆಂಟು. ಹದಿನಾಲ್ಕು ವರ್ಷಗಳಿಂದ ಇವರಿಗೆ ಒಂದೇ ಮಾರ್ಗ, ಹದಿನೇಳು: ಗುಡ್ಡದ ರಸ್ತೆ, ನಲವತ್ಮೂರು ತಿರುವು, ಕೊನೆಯ ನಿಲ್ದಾಣದಲ್ಲಿ ಒಂದು ಬೆಂಚೂ ಇಲ್ಲ. ಬೇರೆಯವರ ಮಾರ್ಗ ವಾರಕ್ಕೊಮ್ಮೆ ಬದಲಾದರೂ ಇವರದು ಬದಲಾಗಲಿಲ್ಲ. ಬಡವರ ಪರ ಮಾತಾಡಿದ್ದಕ್ಕೆ ಆಡಳಿತ ವರ್ಗ ತನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂಬುದು ಅವರ ಪ್ರತಿ ಭಾಷಣದ ಮೊದಲ ವಾಕ್ಯ. ಐದು ಚುನಾವಣೆ ಅವರು ಗೆದ್ದದ್ದು ಆ ವಾಕ್ಯದಿಂದ.

"ಏನ್ರಪ್ಪಾ ಇದು! ನನ್ನ ಬೆನ್ನು ಮುರಿದ ಕಂಪ್ಯೂಟರಿಗೆ ಸನ್ಮಾನವಂತೆ! ಬನ್ನಿ, ಎಲ್ಲರೂ ಹೋಗೋಣ. ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟದೇ ಇರೋಣ!"

ಹೀಗೆ ಗುರುವಾರ ಕ್ಯಾಂಟೀನು ಕಿಕ್ಕಿರಿಯಿತು. ಒಂದು ಕಡೆ ಅಧಿಕಾರಿಗಳು, ಒಂದು ಕಡೆ ನೆಂಟರು, ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತ ಚಾಲಕರು. ಹೆಡ್‌ಮಾಸ್ತರು ಅಧ್ಯಕ್ಷರ ಕುರ್ಚಿಯಲ್ಲಿ ಮೊದಲೇ ಕೂತಿದ್ದರಿಂದ ಆ ವಿಷಯದಲ್ಲಿ ಚರ್ಚೆಗೆ ಅವಕಾಶವಾಗಲಿಲ್ಲ. ನಿರ್ದೇಶಕಿ ಹೂಗುಚ್ಛ ಕೊಟ್ಟರು. ಮಾವನವರು ತೊಂಬತ್ತಾರು ಹಾಳೆಗಳ ಕಟ್ಟನ್ನು, ಹೆಣ್ಣೊಪ್ಪಿಸಿ ಕೊಡುವಾಗಲೂ ಇರದಿದ್ದ ಮೃದುತ್ವದಿಂದ, ಅಳಿಯನ ಕೈಗಿಟ್ಟರು. ಇಂಜಿನಿಯರ್ ಹುಡುಗಿ ಬಾಗಿಲಲ್ಲಿ ನಿಂತು, ಕಟ್ಟು ಯಾವಾಗ ತನ್ನ ಕೈಗೆ ಬಂದೀತೆಂದು ಗಡಿಯಾರ ನೋಡುತ್ತಿದ್ದಳು.

ಆಗಲೇ ಕೊಟ್ಟು ಕಳಿಸಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಹೆಡ್‌ಮಾಸ್ತರು ಎದ್ದರು. "ಪುಸ್ತಕ ಬಿಡುಗಡೆಯಲ್ಲಿ ಒಂದೆರಡು ಭಾಗ ವಾಚನ ಮಾಡೋದು ಸಂಪ್ರದಾಯ. ಈ ಮಹಾಕೃತಿಯಿಂದಲೂ ಲೇಖಕರ ಅಳಿಯಂದಿರು ಒಂದಿಷ್ಟು ಓದಲಿ."

ಆಯ್ತಪ್ಪನವರು ಹಾಳೆ ತಿರುಗಿಸಿದರು. ಎಲ್ಲ ಕಡೆ ಆವರಣ ಚಿಹ್ನೆ, ಅಂಕಿ, ಅರ್ಧ ಪದ. ನಡುನಡುವೆ ಮಾತ್ರ ಒಂದೊಂದು ಸಾಲು ಅಚ್ಚ ಮಾತಿನಲ್ಲಿತ್ತು. ಪ್ರೋಗ್ರಾಮು ಬರೆಯುವವರು ಹೀಗೆ ಅಲ್ಲಲ್ಲಿ ಟಿಪ್ಪಣಿ ಹಾಕುವುದುಂಟು. ಯಂತ್ರ ಅದನ್ನು ಓದುವುದಿಲ್ಲ. ಮುಂದೆ ಕೈಹಾಕುವ ಮನುಷ್ಯನಿಗೆ ಎಚ್ಚರಿಕೆಯೆಂದು ಬರೆದದ್ದು. ಆಯ್ತಪ್ಪನವರಿಗೆ ಓದಲು ಬರುತ್ತಿದ್ದದ್ದು ಅದೊಂದೇ. ಗಂಟಲು ಸರಿಮಾಡಿಕೊಂಡು, ರಾಗವಾಗಿ ಆರಂಭಿಸಿದರು:

"ಮೂರನೆಯ ವಿಭಾಗದ ಆ ಕಡ್ಡಿ ಪೈಲ್ವಾನನಿಗೆ ಈ ಭಾಗ ಮುಟ್ಟಲು ಬಿಡಬಾರದು. ಏನು ಕೇಳಿದರೂ ಆಯ್ತು ಅನ್ನುತ್ತಾನೆ. ಯಾವುದೂ ಆಗಿರುವುದಿಲ್ಲ. ಈಚೆಗೆ ನನ್ನ ಮಗಳು ಯಾವ ಬಸ್ಸಿಗೆ ಬರುತ್ತಾಳೆಂದು ಬೇರೆ..."

ಇಲ್ಲಿ ಧ್ವನಿ ತಗ್ಗಿತು. ಚಪ್ಪಾಳೆ ತಟ್ಟುವುದಿಲ್ಲವೆಂದು ಶಪಥ ಮಾಡಿದ್ದ ಚಾಲಕರು ಎದ್ದುನಿಂತು ತಟ್ಟಿದರು. ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು, ಭುಜ ಕುಲುಕುತ್ತಿತ್ತು.

ಆಯ್ತಪ್ಪನವರು ಗಾಬರಿಯಲ್ಲಿ ಹತ್ತಿಪ್ಪತ್ತು ಹಾಳೆ ಒಟ್ಟಿಗೆ ಮಗುಚಿದರು. ಸಿಕ್ಕಿದ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿದರು. ಮಾವನವರು, "ಅದು ಬೇಡ! ಆ ಪುಟ ಬೇಡ!" ಎಂದು ಕೂಗಿದ್ದು ನಗುವಿನಲ್ಲಿ ಮುಳುಗಿತು.

"ಮುನ್ನೂರೆಂಟನೇ ನಂಬರಿನ ಚಾಲಕ, ನನ್ನ ಹೆಂಡತಿ ಎರಡೂ ಕೈಯಲ್ಲಿ ಚೀಲ ಹಿಡಿದು ಓಡಿಬರುತ್ತಿದ್ದರೂ ಬಸ್ ನಿಲ್ಲಿಸಲಿಲ್ಲ. ಇವನಿಗೆ ಯಾವಾಗಲೂ ಹದಿನೇಳು."

ಮುಖಂಡರು ನಿಧಾನವಾಗಿ ಎದ್ದರು. "ಹಾಗಾದ್ರೆ... ಆಡಳಿತ ವರ್ಗ?"

"ನಮಗೇನೂ ಗೊತ್ತೇ ಇಲ್ಲಪ್ಪ," ಎಂದರು ನಿರ್ದೇಶಕಿ. ಗೊತ್ತಿಲ್ಲವೆಂದು ಅವರು ಸಾರ್ವಜನಿಕವಾಗಿ ಒಪ್ಪಿದ್ದು ಅದೇ ಮೊದಲು.

"ಚೀಲಕ್ಕಾ? ಹದಿನಾಲ್ಕು ವರ್ಷ, ಒಂದು ಚೀಲಕ್ಕಾ?"

"ಎರಡು ಚೀಲ," ಎಂದರು ಮಾವನವರು ಬಿಗಿಯಾಗಿ. "ನಿಲ್ಲಿಸಬೇಕಾಗಿತ್ತು ನೀವು."

ಆಗ ನೆಂಟರ ಸಾಲಿನಿಂದ ಅತ್ತೆ ಎದ್ದರು. "ಅಯ್ಯೋ ನಿಮ್ಮ! ಇವರಲ್ಲ ಕಣ್ರೀ! ನಿಲ್ಲಿಸದೇ ಹೋದವನು ಮೊದಲು ಬಂದ ಬಸ್ಸಿನ ಮೀಸೆಯವನು! ಇವರದು ಅದರ ಹಿಂದೆ ಬಂದ ಬಸ್ಸು. ಇವರೇ ನಿಲ್ಲಿಸಿ, ಇಳಿದು ಬಂದು ಚೀಲ ಎತ್ತಿಕೊಟ್ಟು ಹತ್ತಿಸಿಕೊಂಡ್ರು! ಮನೆಗೆ ಬಂದು ಹೇಳಿದ್ನಲ್ಲ, ಮುನ್ನೂರೆಂಟು, ಪುಣ್ಯಾತ್ಮ ಅಂತ!"

"ನೀನು ಅವನ ನಂಬರ್ ಹೇಳ್ತಾ ಇದ್ದೀಯ ಅಂದ್ಕೊಂಡೆ."

"ಪೂರ್ತಿ ಎಲ್ಲಿ ಕೇಳಿಸ್ಕೊಂಡ್ರಿ! ಅರ್ಧ ಮಾತಿಗೇ ಕಂಪ್ಯೂಟರ್ ಮುಂದೆ ಕೂತ್ರಿ!"

ಮಾವನವರು ಕೂತರು. ಕೈಯಲ್ಲಿದ್ದ ಹೂಗುಚ್ಛ ದಿಢೀರನೆ ಭಾರವಾದಂತೆ ಅದನ್ನು ಮೇಜಿನ ಮೇಲಿಟ್ಟರು. ಬೇರೆ ಯಾರನ್ನಾದರೂ ಬೈಯಬೇಕೆಂಬ ಸಹಜ ಬಯಕೆಯಿಂದ ಅಳಿಯನ ಕಡೆ ತಿರುಗಿದರು.

"ಆಫೀಸಲ್ಲಿ ಪ್ರತಿ ಇದ್ದ ಮೇಲೆ ಇದನ್ನೆಲ್ಲ ಯಾಕೆ ತರಿಸಿದ್ರಿ?"

ಹೇಳಬಹುದಾದ ಸುಳ್ಳುಗಳೆಲ್ಲ ಮುಗಿದಿದ್ದವು. "ಇಲ್ಲ ಮಾವ. ನಾನೇ ಅಳಿಸಿದೆ. ಸ್ವಚ್ಛತಾ ಸಪ್ತಾಹದಲ್ಲಿ."

ನಿರ್ದೇಶಕಿ, ಆಯ್ತಪ್ಪನವರು ಸಹಿ ಹಾಕಿದ ಕಾಗದಕ್ಕಾಗಿ ಕೈಚೀಲ ತಡಕಿದರು. ಮಾವನವರು ಅಳಿಯನ ಮುಖ ನೋಡಿದರು. ಹನ್ನೆರಡು ವರ್ಷಗಳಲ್ಲಿ ಆ ನೋಟ ಹೊಟ್ಟೆಯಿಂದ ಮೇಲಕ್ಕೆ ಬಂದದ್ದು ಅದೇ ಮೊದಲು.

"ಅಳಿಸಬಾರದ್ದನ್ನ ನೀವು ಅಳಿಸಿದ್ರಿ. ಬರೀಬಾರದ್ದನ್ನ ನಾನು ಬರೆದೆ. ಏಳಿ, ಹೊತ್ತಾಯ್ತು. ಹುಡುಗೀ, ಟೈಪು ಮಾಡೋರು ಎಷ್ಟು ಜನ ಸಿಗ್ತಾರಮ್ಮ?"

"ಎಂಟು ಜನ ಸಾರ್. ಫೋಟೋ ತೆಗೆದು ಓದಿಸೋಣ ಅಂದ್ರೆ ಕಂಪ್ಯೂಟರ್ ಹಾಳೆಯ ಮಡಿಕೆನೂ ಅಕ್ಷರ ಅಂತ ಓದುತ್ತೆ."

"ಮೊದಲು ಆ ಹದಿನೇಳರ ಸಾಲು ಕಿತ್ತುಹಾಕಿ. ನನ್ನ ಪಾಪ ಅಷ್ಟಾದ್ರೂ ಕಳೀಲಿ."

"ಕಿತ್ತುಹಾಕಿ," ಎಂದರು ನಿರ್ದೇಶಕಿಯೂ.

"ಅದು ಹೇಗ್ರೀ ಕೀಳ್ತೀರಾ?" ಮುಖಂಡರು ಮೇಜು ಗುದ್ದಿದರು. "ಯಾರನ್ನ ಕೇಳಿ? ಹದಿನಾಲ್ಕು ವರ್ಷದಿಂದ ನನ್ನ ರೂಟು ಅದು! ಒಂದೊಂದು ತಿರುವೂ ನನಗೆ ಗೊತ್ತು. ಕೊನೇ ಸ್ಟಾಪಲ್ಲಿ ಮನೆ ಕಟ್ಟಿಸಿದ್ದೀನಿ, ಮಧ್ಯಾಹ್ನ ಮನೇಲೇ ಊಟ! ಈಗ ಪೇಟೆ ರೂಟಿಗೆ ಹಾಕಿದ್ರೆ ಸುಮ್ಮನಿರಲ್ಲ. ಇದು ಸಂಘದ ಮೇಲೆ ನಡೆದ ದಾಳಿ!"

"ಅನ್ಯಾಯ ಅಂತ ನೀವೇ ಭಾಷಣ ಮಾಡ್ತಿದ್ರಲ್ಲ?" ಎಂದರು ನಿರ್ದೇಶಕಿ.

"ಅನ್ಯಾಯವೇ! ಆದ್ರೆ ನಂದು!"

ಮಾವನವರು ಕೀಳಲೇಬೇಕೆಂದರು. ಮುಖಂಡರು ಕಿತ್ತರೆ ಮುಷ್ಕರವೆಂದರು. ಹೆಡ್‌ಮಾಸ್ತರು ಅಧ್ಯಕ್ಷರ ನುಡಿಯಲ್ಲಿ ಎರಡೂ ಕಡೆ ಸರಿಯೆಂದರು. ನಾಲ್ಕೂವರೆಯಾಯಿತು. ಕೊನೆಗೆ ಎಲ್ಲರೂ, ಹೊಣೆಯ ಕಾಗದಕ್ಕೆ ಸಹಿ ಹಾಕಿದವರು ಯಾರೋ ಅವರೇ ಹೇಳಲಿ ಎಂದು ಆಯ್ತಪ್ಪನವರ ಕಡೆ ತಿರುಗಿದರು. ಆಯ್ತಪ್ಪನವರು ಇಂಜಿನಿಯರ್ ಹುಡುಗಿಯ ಕಡೆ ತಿರುಗಿದರು. ಅವರ ವೃತ್ತಿಜೀವನದ ಅತ್ಯಂತ ವಿವೇಕದ ಕೆಲಸ ಅದು.

"ಮನೆ ಬದಲಾಯಿಸೋ ದಿನ ಮಂಚ ರಿಪೇರಿ ಮಾಡಬಾರದು ಸಾರ್," ಎಂದಳು ಅವಳು. "ಪ್ರೊಸೆಸರ್ ಒಂದೇ ಬದಲಾಗಬೇಕು. ಪ್ರೋಗ್ರಾಮು ನಿನ್ನೆ ಏನು ಮಾಡ್ತಿತ್ತೋ ನಾಳೆನೂ ಅದೇ ಮಾಡಬೇಕು, ತಪ್ಪನ್ನೂ ಸೇರಿಸಿ. ಇಲ್ಲದಿದ್ರೆ ಪಟ್ಟಿ ಕೆಟ್ರೆ ಪ್ರೊಸೆಸರಿಂದ ಕೆಟ್ಟಿತಾ, ಕಿತ್ತಿದ್ದರಿಂದ ಕೆಟ್ಟಿತಾ ಗೊತ್ತಾಗಲ್ಲ. ಕೀಳೋದಾದ್ರೆ ಆಮೇಲೆ ಕೀಳಿ. ಅದಕ್ಕೆ ಅರ್ಜಿ ಕೊಡಿ."

"ಹಾಗೇ ಆಗಲಿ. ಇದ್ದದ್ದು ಇದ್ದ ಹಾಗೆ," ಎಂದರು ಆಯ್ತಪ್ಪನವರು.

ಅರ್ಜಿ ಎಂಬ ಮಾತು ಬಿದ್ದಕೂಡಲೇ ಅಧಿಕಾರಿಗಳ ಮುಖದಲ್ಲಿ ಶಾಂತಿ ನೆಲೆಸಿತು.

ಶುಕ್ರವಾರ ಬೆಳಿಗ್ಗೆ ಎಂಟರಿಂದ ಎಂಟು ಜನ ಟೈಪು ಮಾಡಿದರು. ಮಾವನವರು ಕುರ್ಚಿಯಿಂದ ಕುರ್ಚಿಗೆ ಕುಂಟುತ್ತ ಹೋಗಿ ಒಂದೊಂದು ಚುಕ್ಕಿಯನ್ನೂ ನೋಡಿದರು. ಅಳಿಯನಿಗೆ ಕೀಲಿಮಣೆ ಮುಟ್ಟಲು ಬಿಡಲಿಲ್ಲ. ಹಾಳೆ ಹಿಡಿದು ನಿಲ್ಲುವ ಕೆಲಸ ಕೊಟ್ಟರು. "ಸರಿಯಾಗಿ ಹಿಡಿದಿದ್ದೀರಾ?" ಎಂದು ಆಗಾಗ ಕೇಳಿದರು. ಮುಖಂಡರು ಮಧ್ಯಾಹ್ನದ ಟ್ರಿಪ್ಪು ಮುಗಿಸಿ ಬಂದು, ತಮ್ಮ ಸಾಲು ಬಿಟ್ಟುಹೋಗಿಲ್ಲ ತಾನೇ ಎಂದು ಖುದ್ದಾಗಿ ಪರಿಶೀಲಿಸಿದರು. ಅತ್ತೆ ಅವರಿಗೆ ನೀರು ತಂದುಕೊಟ್ಟು, ಹದಿನಾಲ್ಕು ವರ್ಷ ತಡವಾಗಿ, ಚೀಲ ಎತ್ತಿಕೊಟ್ಟಿದ್ದಕ್ಕೆ ಇನ್ನೊಮ್ಮೆ ಉಪಕಾರ ಹೇಳಿದರು.

ಐದೂ ನಲವತ್ತಕ್ಕೆ ಪ್ರೋಗ್ರಾಮು ಹೊಸ ಪ್ರೊಸೆಸರಿನ ಮೇಲೆ ಎದ್ದು ಕೂತಿತು. ನಿರ್ದೇಶಕಿ ಸಭಾಕೊಠಡಿಗೆ ಹೋಗಿ ಚೌಕಕ್ಕೆ ಹಸಿರು ಬಣ್ಣ ಹಚ್ಚಿದರು. ಆರಕ್ಕೆ ಹಳೆಯ ಯಂತ್ರಗಳು ಆರಿದವು.

ಶನಿವಾರ ಆರುನೂರು ಚಾಲಕರೂ ವೇಳೆಗೆ ಸರಿಯಾಗಿ ತಂತಮ್ಮ ಬಸ್ ಹತ್ತಿದರು. ಮೂವತ್ತೊಂದು ನಿಮಿಷ ಹಿಡಿಯುತ್ತಿದ್ದ ಪಟ್ಟಿ ಈಗ ಹತ್ತೊಂಬತ್ತು ನಿಮಿಷದಲ್ಲಿ ಬರುತ್ತದೆ. ವಿದ್ಯುತ್ ಅರ್ಧಕ್ಕಿಂತ ಚೂರು ಹೆಚ್ಚು ಸಾಕು. ಸಾಲನ್ನು ಕೀಳಬೇಕೆಂದು ಮಾವನವರು ಕೊಟ್ಟ ಅರ್ಜಿಯೂ ಕೀಳಬಾರದೆಂದು ಮುಖಂಡರು ಕೊಟ್ಟ ಅರ್ಜಿಯೂ ಆಯ್ತಪ್ಪನವರ ಮೇಜಿನ ಮೇಲೆ ಪರಿಶೀಲನೆಯಲ್ಲಿವೆ.